ಎರಡನೇ ಸೊನ್ನೆ

ಒಡೆಟ್ ಸೀರ್‌ಗೆ ಟೆಸ್ ಹ್ಯಾಡ್ಲಾಕ್‌ಳ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಚುನಾವಣೆಯಿಂದ ಎಂದು ಊರವರೆಲ್ಲ ನಂಬಿದ್ದರು. ಊರವರಿಗೇನು ಗೊತ್ತು. ಅದು ಹುಟ್ಟಿದ್ದು ಒಂದು ನಾಯಿಯಿಂದ, ಅದೂ ಚುನಾವಣೆಗೆ ಮೂರು ವರ್ಷ ಮೊದಲು.

ಆಲೂಗಡ್ಡೆ ಬೆಳೆಯುವವನೊಬ್ಬನ ಮನೆಯ ಕರಿನಾಯಿ ಅದು. ಪಕ್ಷದ ಪರವಾಗಿ ಒಡೆಟ್ ಹನ್ನೊಂದು ವರ್ಷ ಆ ಮನೆಯ ಬಾಗಿಲು ತಟ್ಟಿದ್ದಳು. ಹನ್ನೊಂದು ವರ್ಷವೂ ಅದು ಅವಳ ಕಾಲು ನೋಡಿ ಹಲ್ಲು ಕಿರಿದಿತ್ತು. ಆ ಸಲ, ಕೆಲಸ ಕಲಿಯಲಿ ಎಂದು ಟೆಸ್‌ಳನ್ನು ಜೊತೆಗೆ ಕರೆದೊಯ್ದಿದ್ದಳು. ನಾಯಿ ಮೆಟ್ಟಿಲಿಳಿದು ಬಂತು, ಟೆಸ್‌ಳ ಬೂಟಿನ ಮೇಲೆ ಗದ್ದ ಊರಿತು, ಕಣ್ಣು ಮುಚ್ಚಿತು. ಟೆಸ್ ಬಗ್ಗಿ ಅದರ ಕಿವಿ ಕೆರೆಯುತ್ತ, "ಎಷ್ಟು ಸಾಧು ಅಲ್ವಾ ಮಿಸೆಸ್ ಸೀರ್?" ಎಂದಳು. ಒಡೆಟ್ ನಕ್ಕಳು. ನಗುವಾಗಲೇ ಎದೆಯಲ್ಲಿ ಏನೋ ಚುರ್ ಎಂದಿತು.

ಒಡೆಟ್ ಕೆಟ್ಟವಳಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಐವತ್ತೊಂಬತ್ತು ವರ್ಷದ ಗಟ್ಟಿ ಹೆಂಗಸು. ಹಿಮ ಸೊಂಟದವರೆಗೆ ಬಿದ್ದ ದಿನವೂ ಮುದುಕರನ್ನು ಮತಗಟ್ಟೆಗೆ ತನ್ನ ಗಾಡಿಯಲ್ಲಿ ಕರೆದೊಯ್ದವಳು. ಇಪ್ಪತ್ತೆರಡು ವರ್ಷ ಪಕ್ಷಕ್ಕಾಗಿ ಕುರ್ಚಿ ಹಾಕಿದ್ದಾಳೆ, ಕುರ್ಚಿ ಮಡಚಿದ್ದಾಳೆ, ಲಕೋಟೆಗೆ ನಾಲಿಗೆ ಸವೆಸಿದ್ದಾಳೆ. ಆಮೇಲೆ ಎಂಟು ವರ್ಷ ರಾಜಧಾನಿ ಆಗಸ್ಟಾದ ರಾಜ್ಯ ಸೆನೆಟ್ಟಿನಲ್ಲಿ ಕೂತು ಬಂದಿದ್ದಾಳೆ. ವಾಷಿಂಗ್ಟನ್‌ನಲ್ಲಿ ಕೂತಿದ್ದ ಕ್ಷೇತ್ರದ ಹಳೆಯ ಸಂಸದ ಪ್ರತಿ ಕ್ರಿಸ್‌ಮಸ್‌ಗೂ ಅವಳ ಭುಜ ತಟ್ಟಿ, "ನನ್ನ ನಂತರ ನೀನೇ" ಎನ್ನುತ್ತಿದ್ದ. ಎನ್ನುತ್ತ ಎನ್ನುತ್ತ ಎಂಬತ್ತೆರಡಾದರೂ ಜಾಗ ಬಿಡಲಿಲ್ಲ. ಕೊನೆಗೂ ಒಂದು ಜನವರಿಯಲ್ಲಿ ಸಾಕು ಎಂದ. ಒಡೆಟ್ ಆ ದಿನ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಳು.

ಮೂರನೇ ದಿನ ಟೆಸ್ ಬಂದು ಅದೇ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು.

"ಬೇರೆಯವರ ಬಾಯಿಂದ ನಿಮಗೆ ಗೊತ್ತಾಗ್ಬಾರ್ದು ಅಂತ ಬಂದೆ ಮಿಸೆಸ್ ಸೀರ್. ನಾನೂ ನಿಲ್ತಿದ್ದೀನಿ."

ಒಡೆಟ್‌ಳ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಟೆಸ್‌ಗೆ ಮೂವತ್ತಾರು. ಹೈಸ್ಕೂಲಿನಲ್ಲಿ ಒಡೆಟ್‌ಳ ಪೌರನೀತಿ ತರಗತಿಯ ಮೊದಲ ಬೆಂಚಿನವಳು. ಈಗ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್. ಯಾರ ಮೊಣಕಾಲು ಯಾವಾಗ ನೋಯುತ್ತದೆ, ಯಾರ ಮಗಳಿಗೆ ಯಾವ ತಿಂಗಳು ಹೆರಿಗೆ, ಎಲ್ಲ ಬಾಯಿಪಾಠ. ಬೆನ್ನ ಹಿಂದೆ ಸಂಚು ಮಾಡಿದ್ದರೆ ದ್ವೇಷಿಸಲು ಎಷ್ಟು ಸುಲಭವಿತ್ತು! ಈ ಹುಡುಗಿ ಅದಕ್ಕೂ ಅವಕಾಶ ಕೊಡದೆ ಎದುರಿಗೇ ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಿದ್ದಳು.

"ಒಳ್ಳೇದು. ಯಾರು ಬೇಕಾದ್ರೂ ನಿಲ್ಬಹುದು. ಪೌರನೀತಿಯಲ್ಲಿ ನಾನೇ ಹೇಳ್ಕೊಟ್ಟಿದ್ದಲ್ವಾ," ಎಂದಳು ಒಡೆಟ್.

ಗುರುವಿಗೇ ತಿರುಮಂತ್ರ ಎಂದು ಮನಸ್ಸಿನಲ್ಲಿ ಅಂದುಕೊಂಡಳು.

ನವೆಂಬರಿನ ದೊಡ್ಡ ಚುನಾವಣೆಗೆ ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ಜೂನ್ ತಿಂಗಳ ಪ್ರೈಮರಿಯಲ್ಲಿ ಪಕ್ಷದ ಮತದಾರರೇ ತೀರ್ಮಾನಿಸುತ್ತಾರೆ. ಕಣದಲ್ಲಿ ಉಳಿದವರು ಮೂವರು. ಒಡೆಟ್, ಟೆಸ್, ಮತ್ತು ವೆಂಡೆಲ್ ಪ್ರೇ. ವೆಂಡೆಲ್ ಎಪ್ಪತ್ತೊಂದರ ಮುದುಕ. ಮೂವತ್ತು ವರ್ಷ ಕಾಡಿನಲ್ಲಿ ಕಳ್ಳಬೇಟೆಗಾರರನ್ನು ಹಿಡಿಯುವ ವಾರ್ಡನ್ ಆಗಿದ್ದವನು. ತಾನು ಗೆಲ್ಲುವುದಿಲ್ಲವೆಂದು ಅವನಿಗೇ ಗೊತ್ತಿತ್ತು. "ಹೆಂಡ್ತಿ ತೀರ್ಕೊಂಡ್ಮೇಲೆ ಮನೇಲಿ ಮಾತಾಡೋರು ಯಾರೂ ಇಲ್ಲ, ಅದಕ್ಕೇ ನಿಂತೆ" ಎಂದು ಎಲ್ಲರೆದುರು ಹೇಳುತ್ತಿದ್ದ. ಬೇಟೆಗಾರರು, ಮರ ಕಡಿಯುವವರು, ಅವನಿಂದ ದಂಡ ಹಾಕಿಸಿಕೊಂಡವರು ಕೂಡ ಅವನ ಹಿಂದಿದ್ದರು.

ಮತಪತ್ರದಲ್ಲಿ ಹೆಸರು ಬರಬೇಕಾದರೆ ಸಾವಿರ ಜನರ ಸಹಿ ಬೇಕು. ನಮ್ಮ ಕಡೆ ಸಹಿ ಕೇಳಲು ಊರ ಕಸ ಹಾಕುವ ಜಾಗದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಶನಿವಾರ ಬೆಳಿಗ್ಗೆ ಕಸದ ಚೀಲ ಹೊತ್ತು ಇಡೀ ಊರೇ ಅಲ್ಲಿಗೆ ಬರುತ್ತದೆ. ಫೆಬ್ರವರಿಯ ಚಳಿಯಲ್ಲಿ ಒಡೆಟ್ ಏಳಕ್ಕೆ ಹೋದರೆ ಟೆಸ್ ಆರಕ್ಕೇ ಬಂದು ನಿಂತಿದ್ದಳು. ಪೆನ್ನಿನ ಶಾಯಿ ಹೆಪ್ಪುಗಟ್ಟದ ಹಾಗೆ ಅದನ್ನು ಕಂಕುಳಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ಹೇಳಿಕೊಟ್ಟವಳು ಒಡೆಟ್. ಆ ಪೆನ್ನನ್ನು ಕಂಕುಳಿಂದ ತೆಗೆದು ಅವಳು ಒಡೆಟ್‌ಳ ಪಕ್ಕದ ಮನೆಯವನ ಕೈಗೇ ಕೊಡುತ್ತಿದ್ದಳು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿದ ಹಾಗೆ.

ಅಲ್ಲಿಂದ ಮುಂದೆ ಒಡೆಟ್‌ಗೆ ಕಣ್ಣು ಎಲ್ಲಿ ಹೋದರೂ ಟೆಸ್‌ಳೇ ಕಂಡಳು. ಸಂತರ್ಪಣೆಗಳಲ್ಲಿ ಮೂರು ತಟ್ಟೆ ತಿಂದರೂ ಸೊಂಟ ಇದ್ದಷ್ಟೇ ಇರುವ ಟೆಸ್. ಕೊರಳಿನ ಶಾಲು ಜಾರಿದರೂ ಅದೇ ಒಂದು ಅಂದವಾಗಿ ಕಾಣುವ ಟೆಸ್. ಒಡೆಟ್ ನಲವತ್ತು ನಿಮಿಷ ಆಲೂಗಡ್ಡೆಯ ಬೆಲೆಯ ಬಗ್ಗೆ ಮಾತಾಡಿದರೆ ಜನ ತಲೆಯಾಡಿಸುತ್ತಿದ್ದರು. ಟೆಸ್ ನಾಲ್ಕು ನಿಮಿಷ ಯಾರದೋ ಅಜ್ಜಿಯ ಕಥೆ ಹೇಳಿದರೆ ಮೂಗು ಒರೆಸಿಕೊಳ್ಳುತ್ತಿದ್ದರು. ತನ್ನ ಸಭೆಗೆ ಎಷ್ಟು ಜನ ಬಂದರು ಎನ್ನುವುದನ್ನು ಒಡೆಟ್ ಕೇಳುವುದನ್ನೇ ಬಿಟ್ಟಳು. ಟೆಸ್‌ಳ ಸಭೆಗೆ ಎಷ್ಟು ಜನ ಎಂದಷ್ಟೇ ಕೇಳುತ್ತಿದ್ದಳು.

"ನೀನು ಅವಳ ವಿರುದ್ಧ ನಿಂತಿದ್ದೀಯೋ, ಅವಳ ಲೆಕ್ಕ ಬರೆಯೋಕೆ ನಿಂತಿದ್ದೀಯೋ?" ಎಂದು ಗ್ಲೆಂಡಾ ರೇಗಿದಳು. ಪೋಸ್ಟಾಫೀಸಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತಳಾದ ಗ್ಲೆಂಡಾ ಒಡೆಟ್‌ಳ ಬಾಲ್ಯದ ಗೆಳತಿ, ಈಗ ಪ್ರಚಾರದ ಪೂರ್ತಿ ಹೊಣೆ ಹೊತ್ತವಳು. "ಸಮೀಕ್ಷೆ ನೋಡು ಮೊದ್ಲು. ನೀನೇ ಮುಂದಿದ್ದೀಯ."

"ಎಷ್ಟು ಮುಂದೆ?"

"ನೂರಕ್ಕೆ ಮೂರು."

"ಬರೀ ಮೂರಾ?" ಎಂದಳು ಒಡೆಟ್. ಮುಂದಿದ್ದರೂ ಅವಳಿಗೆ ಹಿಂದಿನವಳದೇ ಚಿಂತೆ.

ಏಪ್ರಿಲ್‌ನಲ್ಲಿ ಟೆಸ್‌ಳ ಹಳೆಯ ಕಾರು ಆಲೂಗಡ್ಡೆ ಹೊಲದ ಪಕ್ಕ ಕೆಸರಿನಲ್ಲಿ ಕೆಟ್ಟು ನಿಂತಿತು. ಅದನ್ನು ಎಳೆದು ತಂದವನು ಬೇರೆ ಯಾರೂ ಅಲ್ಲ, ಒಡೆಟ್‌ಳ ಗಂಡ ರೋಲಂಡ್. ಟ್ರ್ಯಾಕ್ಟರು, ಹಿಮ ತೆಗೆಯುವ ಯಂತ್ರ ರಿಪೇರಿ ಮಾಡುವ ಅವನ ಶೆಡ್ಡು ಮನೆಯ ಹಿಂದೆಯೇ ಇತ್ತು. ಒಡೆಟ್ ಮನೆಗೆ ಬಂದರೆ ಶೆಡ್ಡಿನಿಂದ ನಗು ಕೇಳಿಸಿತು. ಹೋಗಿ ನೋಡಿದರೆ ಟೆಸ್ ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು ಟಾರ್ಚ್ ಹಿಡಿದಿದ್ದಳು. ರೋಲಂಡ್ ಕಾರಿನಡಿ ಮಲಗಿ ನಗುತ್ತಿದ್ದ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಅವನು ಹಾಗೆ ನಕ್ಕದ್ದನ್ನು ಅವಳು ಬೆರಳೆಣಿಕೆಯಷ್ಟು ಸಲ ಕೇಳಿದ್ದಳು.

ಟೆಸ್ ಹೋದ ಮೇಲೆ ಒಡೆಟ್ ಕೇಳಿದಳು. "ಪ್ರಪಂಚದಲ್ಲಿ ಬೇರೆ ಮೆಕ್ಯಾನಿಕ್ಕೇ ಇರ್ಲಿಲ್ವಾ?"

"ಹೊಗೆ ಕೊಳವೆ ಬಿದ್ದೋಗಿತ್ತು ಮಾರಾಯ್ತಿ. ಅದಕ್ಕೆ ಪಕ್ಷ ಗಿಕ್ಷ ಗೊತ್ತಾಗುತ್ತಾ?"

"ಏನಷ್ಟು ನಗು?"

"ಅವಳ ರೋಗಿ ಒಬ್ಬ ಹಲ್ಲಿನ ಸೆಟ್ಟು ಕಾಣೆಯಾಯ್ತು ಅಂತ ಪೊಲೀಸ್‌ಗೆ ಫೋನ್ ಮಾಡಿದ್ನಂತೆ. ಅದು ಬಾಯಲ್ಲೇ ಇತ್ತಂತೆ."

"ಈ ಕಥೆ ನಾನು ನಿಂಗೆ ಹೇಳಿದ್ದೆ. ಹೋದ ವರ್ಷ. ನೀನು ನಗ್ಲಿಲ್ಲ."

ರೋಲಂಡ್ ಕೈಯ ಎಣ್ಣೆ ಒರೆಸಿಕೊಂಡ. ಉತ್ತರ ಕೊಡದಿರುವುದು ಅವನಿಗೆ ಗೊತ್ತಿದ್ದ ಒಂದೇ ರಾಜಕೀಯ.

ನಿಜವಾದ ಅನಾಹುತ ಆದದ್ದು ಮೇ ತಿಂಗಳ ಕೊನೆಯಲ್ಲಿ, ಗ್ರೇಂಜ್ ಹಾಲ್‌ನ ಬೀನ್ಸ್ ಊಟದ ದಿನ. ಅದು ರೈತರ ಸಂಘದ ಹಳೆಯ ಮರದ ಸಭಾಂಗಣ. ಪ್ರೈಮರಿಗೆ ಎರಡು ಶನಿವಾರ ಮೊದಲು ಅಲ್ಲಿ ಅಭ್ಯರ್ಥಿಗಳನ್ನೆಲ್ಲ ಒಂದೇ ಮೇಜಿಗೆ ಕೂರಿಸಿ ಪ್ರಶ್ನೆ ಕೇಳುವುದು, ಆಮೇಲೆ ಎಲ್ಲರೂ ಸೇರಿ ಉಣ್ಣುವುದು ವಾಡಿಕೆ. ಹಿಂದಿನ ದಿನವೇ ನೆಲದ ಗುಂಡಿಯಲ್ಲಿ ಹೂತಿಟ್ಟು ಬೇಯಿಸಿದ ಬೀನ್ಸ್ ಕಾಳು, ಕಂದು ಬ್ರೆಡ್ಡು, ಕೋಸಿನ ಪಚಡಿ. ರೇಡಿಯೋದವರು ಮಾತುಕತೆಯನ್ನು ಇಡೀ ಕ್ಷೇತ್ರಕ್ಕೆ ಬಿತ್ತರಿಸುತ್ತಾರೆ. ಅಡುಗೆಯ ಉಸ್ತುವಾರಿ ಹದಿನೆಂಟು ವರ್ಷದಿಂದ ರೋಲಂಡ್‌ನದೇ.

ಈ ರಾಜ್ಯದಲ್ಲಿ ಮತಪತ್ರದ ಮೇಲೆ ಪ್ರತಿ ಹೆಸರಿನ ಎದುರೂ ಸೊನ್ನೆಗಳ ಸಾಲು ಇರುತ್ತದೆ. ಮೊದಲ ಆಯ್ಕೆಗೆ ಒಂದು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವನನ್ನು ಕೈಬಿಟ್ಟು, ಅವನಿಗೆ ಮತ ಹಾಕಿದವರ ಎರಡನೇ ಸೊನ್ನೆ ಯಾರದೋ ಅವರಿಗೆ ಆ ಮತ ಸೇರಿಸುತ್ತಾರೆ. ಹಾಗಾಗಿ ಊಟದ ದಿನದ ಕೊನೆಯ ಪ್ರಶ್ನೆ ಏನೆಂದು ಎಲ್ಲರಿಗೂ ಗೊತ್ತು. ನಿಮ್ಮ ಎರಡನೇ ಸೊನ್ನೆ ಯಾರಿಗೆ?

"ವೆಂಡೆಲ್ ಅನ್ನು," ಎಂದು ಗ್ಲೆಂಡಾ ದಾರಿಯುದ್ದಕ್ಕೂ ತಲೆಗೆ ತುಂಬಿದ್ದಳು. "ಅವನ ಜನದ ಎರಡನೇ ಮತ ನಿಂಗೆ ಬಂದ್ರೆ ಗೆದ್ದೆ. ಬೇರೇನೂ ಬೇಡ. ಒಂದೇ ಹೆಸರು. ವೆಂಡೆಲ್."

"ವೆಂಡೆಲ್," ಎಂದು ಒಡೆಟ್ ಗಾಡಿಯಲ್ಲಿ ಹತ್ತು ಸಲ ಹೇಳಿದಳು.

ಆ ಪ್ರಶ್ನೆ ಬಂದಾಗ ರೇಡಿಯೋದವನು ವೆಂಡೆಲ್‌ನಿಂದ ಶುರು ಮಾಡಿದ. ವೆಂಡೆಲ್ ಮೀಸೆ ತಿರುವಿ, "ಇಬ್ಬರೂ ಗಟ್ಟಿಗಿತ್ತಿಯರು. ಊಟ ಆಗ್ಲಿ, ಯಾರು ನನ್ನ ತಟ್ಟೆಗೆ ಜಾಸ್ತಿ ಬಡಿಸ್ತಾರೆ ನೋಡ್ಕೊಂಡು ಹೇಳ್ತೀನಿ" ಎಂದ. ಸಭೆ ನಕ್ಕಿತು.

ಆಮೇಲೆ ಟೆಸ್.

"ಮಿಸೆಸ್ ಸೀರ್‌ಗೆ. ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ಹದಿನೈದು ವರ್ಷದವಳಿದ್ದಾಗ ನನ್ನ ಕೈಗೆ ಮಾದರಿ ಮತಪತ್ರ ಕೊಟ್ಟು, ಇದು ನಿನ್ನ ಧ್ವನಿ ಅಂದೋರು ಅವರು. ನಾನು ಗೆಲ್ದೇ ಇದ್ರೆ ಅವರೇ ಗೆಲ್ಬೇಕು."

ಜನ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನವರು ಎದ್ದು ನಿಂತು ತಟ್ಟಿದರು. ಒಡೆಟ್‌ಳ ನಾಲಿಗೆಯ ತುದಿಯಲ್ಲಿ ವೆಂಡೆಲ್ ಎಂಬ ಹೆಸರು ಸಿದ್ಧವಾಗಿಯೇ ಇತ್ತು. ಆದರೆ ಈಗ ವೆಂಡೆಲ್ ಎಂದರೆ, ಅಷ್ಟು ಒಳ್ಳೆಯ ಮಾತಾಡಿದ ಹುಡುಗಿಗೆ ಬೆನ್ನು ತಿರುಗಿಸಿದ ಮುದಿ ಟೀಚರ್ ಆಗುತ್ತಾಳೆ. ಟೆಸ್ ಎಂದರೆ, ಅವಳು ಬಡಿಸಿದ್ದನ್ನೇ ಅವಳಿಗೆ ತಿರುಗಿ ಬಡಿಸಿದ ಹಾಗಾಗುತ್ತದೆ. ಒಳ್ಳೆಯತನದಲ್ಲೂ ಈ ಹುಡುಗಿ ಕಸದ ತೊಟ್ಟಿಯ ಹತ್ತಿರ ಮಾಡಿದ ಹಾಗೆ ಒಂದು ಗಂಟೆ ಮೊದಲೇ ಬಂದು ನಿಂತುಬಿಟ್ಟಿದ್ದಳು! ಇಷ್ಟಾದರೂ ಒಡೆಟ್ ವೆಂಡೆಲ್ ಎನ್ನುತ್ತಿದ್ದಳೋ ಏನೋ. ಅಷ್ಟರಲ್ಲಿ ಅವಳ ಕಣ್ಣು ಅಡುಗೆಮನೆಯ ಕಿಂಡಿಗೆ ಹೋಯಿತು. ಅಲ್ಲಿ ರೋಲಂಡ್, ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಚಪ್ಪಾಳೆ ತಟ್ಟುತ್ತಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ನಾನು ಯಾರ ಹೆಸರೂ ಹೇಳಲ್ಲ," ಎಂದಳು ಒಡೆಟ್. "ನಾನು ಒಂದೇ ಸೊನ್ನೆ ತುಂಬ್ತೀನಿ. ನಂಬಿಕೆ ಗಟ್ಟಿ ಇರೋರು ಒಂದೇ ತುಂಬೋದು. ಎರಡು ಮೂರು ತುಂಬೋದು ಚಂಚಲ ಬುದ್ಧಿಯೋರು."

ಹಾಲ್‌ನಲ್ಲಿ ಒಂದು ಚಮಚ ಕೆಳಗೆ ಬಿದ್ದದ್ದು ರೇಡಿಯೋದಲ್ಲೂ ಕೇಳಿಸಿತಂತೆ. ಗ್ಲೆಂಡಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಟೆಸ್ ಮಾತ್ರ ಒಡೆಟ್‌ಳನ್ನೇ ನೋಡುತ್ತಿದ್ದಳು, ಹೊಡೆತ ತಿಂದವಳ ಹಾಗೆ. ಆ ಮುಖ ಕಂಡು ಒಡೆಟ್‌ಗೆ ಒಂದು ಕ್ಷಣ ಸುಖವೆನಿಸಿತು. ನಾಲ್ಕು ತಿಂಗಳಲ್ಲಿ ಅವಳಿಗೆ ದಕ್ಕಿದ ಸುಖ ಅದೊಂದೇ, ಹಾಗಾಗಿ ಅದನ್ನೂ ಬರೆದಿಡುವುದು ನ್ಯಾಯ.

ಊಟವಾದ ಮೇಲೆ ಗಾಡಿಗಳ ಹತ್ತಿರ ವೆಂಡೆಲ್ ಬಂದ. ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ ಕೇಳಿದ. "ನನ್ನ ಹೆಸರು ಹೇಳಿದ್ರೆ ನಿನ್ನ ಗಂಟೇನಾದ್ರೂ ಹೋಗ್ತಿತ್ತಾ ಒಡೆಟ್?"

"ನಿನ್ನ ಮೇಲೆ ನಂಗೇನಿಲ್ಲ ವೆಂಡೆಲ್."

"ಗೊತ್ತು. ನನ್ನ ಮೇಲೆ ಏನೂ ಇಲ್ಲ. ನಾನು ಅಲ್ಲಿದ್ದೀನಿ ಅನ್ನೋದೇ ನಿಂಗೆ ಗೊತ್ತಿರ್ಲಿಲ್ಲ. ಇಡೀ ಸಂಜೆ ನಿನ್ನ ಕಣ್ಣು ಆ ಹುಡುಗಿ ಮೇಲೇ." ಅವನು ಕಡ್ಡಿ ಎಸೆದ. "ನನ್ನ ಜನ ನಾನು ಹೇಳಿದ್ದನ್ನ ಕೇಳಲ್ಲ, ಅದು ಬೇರೆ ವಿಷ್ಯ. ಆದ್ರೆ ಚಂಚಲ ಬುದ್ಧಿ ಅಂತ ಬೈಸ್ಕೊಂಡದ್ದನ್ನ ಮರೆಯಲ್ಲ."

ಮನೆಗೆ ಹೋಗುವಾಗ ಗಾಡಿ ಓಡಿಸುತ್ತಿದ್ದವನು ರೋಲಂಡ್.

"ಚಪ್ಪಾಳೆ ಹೊಡೆದ್ಯಲ್ಲ ನೀನು," ಎಂದಳು ಒಡೆಟ್.

"ನಿನ್ನ ಹೆಸರಿಗೆ ಹೊಡೆದೆ ಮಾರಾಯ್ತಿ! ಅವಳು ಹೇಳಿದ್ದು ನಿನ್ನ ಹೆಸರು!"

"ಹೇಳಿದ ಬಾಯಿ ಅವಳದು."

ರೋಲಂಡ್ ಮತ್ತೆ ತನ್ನ ರಾಜಕೀಯಕ್ಕೆ ಹಿಂತಿರುಗಿದ.

ಬುದ್ಧಿ ಇದ್ದವರು ಮಾರನೇ ದಿನವೇ ಒಂದು ತಮಾಷೆ ಮಾಡಿ ಆ ಮಾತನ್ನು ನುಂಗಿಬಿಡುತ್ತಿದ್ದರು. ಗ್ಲೆಂಡಾ ಅದನ್ನೇ ಹೇಳಿದಳು. ರೇಡಿಯೋಗೆ ಫೋನ್ ಮಾಡೋಣ, ಹಸಿವಾಗಿತ್ತು, ತಲೆ ಓಡ್ಲಿಲ್ಲ, ವೆಂಡೆಲ್ ನನ್ನ ಎರಡನೇ ಆಯ್ಕೆ ಅಂತ ಹೇಳೋಣ ಎಂದು ಬೇಡಿಕೊಂಡಳು. ಆದರೆ ಆ ಹೊತ್ತಿಗೆ ಒಡೆಟ್‌ಳ ಹೊಟ್ಟೆಯ ಕಿಚ್ಚು ಸಿದ್ಧಾಂತವಾಗಿಬಿಟ್ಟಿತ್ತು. ಹೊಟ್ಟೆಕಿಚ್ಚಿನವರ ಕಷ್ಟವೇ ಅದು, ಉರಿಯನ್ನು ಉರಿ ಎನ್ನಲಾರರು. ಕರಪತ್ರ ಅಚ್ಚಾಯಿತು, ಇಂಗ್ಲಿಷಿನಲ್ಲೂ ನಮ್ಮ ಕಣಿವೆಯ ಹಳಬರು ಆಡುವ ಫ್ರೆಂಚಿನಲ್ಲೂ. "ಒಂದೇ ಮಾತು. ಒಂದೇ ಸೊನ್ನೆ. ಒಡೆಟ್ ಸೀರ್." ಅದನ್ನು ಹಂಚಲು ಅವಳೇ ಚರ್ಚಿನ ಬಾಗಿಲಲ್ಲಿ ನಿಂತಳು. ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವುದೆಂದರೆ ಇದೇ. ಆದರೆ ಆ ದಿನಗಳಲ್ಲಿ ಅವಳ ಮುಖದ ಕಳೆ ನೋಡಬೇಕಿತ್ತು. ಟೆಸ್‌ಳ ಬಳಿ ಇಲ್ಲದ ಒಂದು ವಸ್ತು ತನ್ನ ಬಳಿ ಇದೆ ಎಂಬ ಕಳೆ.

ಮತದಾನದ ದಿನ ಟೌನ್ ಹಾಲ್‌ನ ಪರದೆಯ ಹಿಂದೆ ಒಡೆಟ್ ಒಬ್ಬಳೇ ನಿಂತಳು. ತನ್ನ ಹೆಸರಿನ ಎದುರಿನ ಮೊದಲ ಸೊನ್ನೆಯನ್ನು ಕಪ್ಪಗೆ, ದಪ್ಪಗೆ ತುಂಬಿದಳು. ಪೆನ್ನು ಕೆಳಗಿಳಿಯಿತು. ಹ್ಯಾಡ್ಲಾಕ್, ಟೆಸ್. ಎರಡನೇ ಸೊನ್ನೆ. ಇಲ್ಲಿ ರೇಡಿಯೋ ಇಲ್ಲ, ಚಪ್ಪಾಳೆ ಇಲ್ಲ, ನೋಡುವವರಿಲ್ಲ. ತನ್ನ ಎರಡನೇ ಮತ ಎಣಿಕೆಗೂ ಬರುವುದಿಲ್ಲ, ತಾನು ಕೊನೆಯವಳಾಗುವುದಿಲ್ಲವಲ್ಲ. ಬೆಲೆಯಿಲ್ಲದ ಒಂದು ಚುಕ್ಕೆ. ಹಾಕಿದರೆ ಮನಸ್ಸು ಹಗುರಾಗುತ್ತದೆ ಎಂದು ಅವಳಿಗೆ ಅನ್ನಿಸಿತು ಕೂಡ. ಆಗ ಮೊದಲ ಬೆಂಚಿನ ಹುಡುಗಿಯ ಕಿವಿಯ ಹಿಂದಿನ ಪೆನ್ಸಿಲ್ಲು, ನಾಯಿಯ ಗದ್ದ, ಶೆಡ್ಡಿನ ನಗು ಎಲ್ಲ ಒಟ್ಟಿಗೆ ನೆನಪಾದವು. ಪೆನ್ನಿಗೆ ಮುಚ್ಚಳ ಹಾಕಿದಳು.

"ಎಷ್ಟು ತುಂಬಿದೆ?" ಎಂದ ರೋಲಂಡ್ ಗಾಡಿಯಲ್ಲಿ.

"ಒಂದು. ನಾನು ಹೇಳಿದ ಹಾಗೇ ನಡೆಯೋಳು. ನೀನು?"

"ಎರಡು."

"ಎರಡನೇದು ಯಾರಿಗೆ?"

"ಅದನ್ನ ಹೇಳೋದಾದ್ರೆ ಪರದೆ ಯಾಕೆ ಕಟ್ಬೇಕಿತ್ತು?" ಎಂದು ರೋಲಂಡ್ ಗಾಡಿ ಶುರು ಮಾಡಿದ. ಒಡೆಟ್ ಆ ವಾರವಿಡೀ ಅದನ್ನೇ ಮೆಲುಕು ಹಾಕಿದಳು.

ಮೊದಲ ಎಣಿಕೆಯಲ್ಲಿ ಒಡೆಟ್ ಮುಂದಿದ್ದಳು, ಸಾವಿರದ ಏಳುನೂರು ಮತಗಳಿಂದ. ಟೆಸ್ ಎರಡನೆಯವಳು, ವೆಂಡೆಲ್ ಬಹಳ ಹಿಂದೆ. ಆದರೆ ಯಾರ ಮತವೂ ಅರ್ಧ ದಾಟಿರಲಿಲ್ಲ. ಕ್ಷೇತ್ರದ ಮತಪತ್ರಗಳನ್ನೆಲ್ಲ ಬೀಗ ಹಾಕಿದ ಪೆಟ್ಟಿಗೆಗಳಲ್ಲಿ ಆಗಸ್ಟಾಕ್ಕೆ ಸಾಗಿಸಿ, ಎರಡನೇ ಸೊನ್ನೆಗಳನ್ನು ಯಂತ್ರಕ್ಕೆ ಓದಿಸಲು ಎಂಟು ದಿನ ಬೇಕಾಯಿತು. ಆ ಎಂಟು ದಿನವೂ ಒಡೆಟ್ ಗೆದ್ದವಳ ಹಾಗೆ ಓಡಾಡಲಿಲ್ಲ. ಟೆಸ್ ಆ ಎಂಟು ದಿನ ರಜೆ ಹಾಕದೆ ರೋಗಿಗಳ ಮನೆಗೆ ಹೋಗುತ್ತಿದ್ದಾಳೆ ಎಂದು ಯಾರೋ ಹೇಳಿದರು. "ಹೋಗ್ತಾಳೆ, ಹೋಗದೇ ಇರ್ತಾಳಾ. ಫೋಟೋ ತೆಗೆಯೋರು ಇದ್ದಾರಲ್ಲ," ಎಂದಳು ಒಡೆಟ್. ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಅದು ಗೊತ್ತಾದಾಗ ಇನ್ನಷ್ಟು ಉರಿಯಿತು.

ಬುಧವಾರ ಮಧ್ಯಾಹ್ನ ಅಡುಗೆಮನೆಯ ಕಂಪ್ಯೂಟರಿನ ಮುಂದೆ ಒಡೆಟ್, ರೋಲಂಡ್, ಗ್ಲೆಂಡಾ ಮೂವರೂ ಕೂತು ನೋಡಿದರು. ಆಗಸ್ಟಾದ ಅಧಿಕಾರಿಯೊಬ್ಬ ಕನ್ನಡಕ ಸರಿಮಾಡಿಕೊಂಡು ಓದಿದ. ವೆಂಡೆಲ್‌ನ ಎಂಟು ಸಾವಿರದ ನಾನೂರು ಮತಗಳಲ್ಲಿ ಟೆಸ್‌ಗೆ ನಾಲ್ಕು ಸಾವಿರದ ಮುನ್ನೂರು. ಒಡೆಟ್‌ಗೆ ಎರಡು ಸಾವಿರದ ನಾನೂರು. ಉಳಿದ ಸಾವಿರದ ಏಳುನೂರು ಜನ ಎರಡನೇ ಸೊನ್ನೆಯನ್ನು ಖಾಲಿ ಬಿಟ್ಟಿದ್ದಾರೆ. ಟೆಸ್ ಹ್ಯಾಡ್ಲಾಕ್‌ಗೆ ಇನ್ನೂರು ಮತಗಳ ಜಯ.

ಗ್ಲೆಂಡಾ ಎದ್ದು ಮುಖ ತೊಳೆಯಲು ಬಚ್ಚಲಿಗೆ ಹೋದಳು. ರೋಲಂಡ್ ಒಡೆಟ್‌ಳ ಭುಜದ ಮೇಲೆ ಕೈಯಿಟ್ಟ. ಅವಳು ಅದನ್ನು ತೆಗೆಯಲೂ ಇಲ್ಲ, ಹಿಡಿಯಲೂ ಇಲ್ಲ.

ಆ ಹೊತ್ತಿಗೆ ಹಿಂದಿನ ಬಾಗಿಲಿಂದ ಬಂದವಳು ಅಲ್ಫೋನ್ಸಿನ್, ರೋಲಂಡ್‌ನ ದೊಡ್ಡಕ್ಕ. ಎಂಬತ್ತರ ಮುದುಕಿ, ಕೈಯಲ್ಲಿ ಕಡುಬಿನ ತಟ್ಟೆ. ಫಲಿತಾಂಶವನ್ನು ಅವಳು ರೇಡಿಯೋದಲ್ಲಿ ಕೇಳಿಕೊಂಡೇ ಬಂದಿದ್ದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಒಡೆಟ್‌ಳ ಕೆನ್ನೆಗೆ ಮುತ್ತು ಕೊಟ್ಟು ಅಳತೊಡಗಿದಳು.

"ಏನು ಅನ್ಯಾಯ ಮಗಳೇ. ನೀನು ಹೇಳಿದ ಹಾಗೇ ಮಾಡಿದ್ವಲ್ಲ ನಾವು."

"ಏನ್ ಮಾಡಿದ್ರಿ?" ಎಂದಳು ಒಡೆಟ್.

"ನಿಂಗೊತ್ತಲ್ಲ, ನನ್ನ ಮಗ ಒಂಬತ್ತು ವರ್ಷದವನಿದ್ದಾಗ ಕಾಡಲ್ಲಿ ಕಳೆದುಹೋದಾಗ ಎರಡು ದಿನ ಹುಡುಕಿ ಹೊತ್ಕೊಂಡು ಬಂದೋನು ವೆಂಡೆಲ್. ಅವನು ಏನಕ್ಕೆ ನಿಂತ್ರೂ ನನ್ನ ಮೊದಲ ಮತ ಅವನಿಗೇ ಅಂತ ಆವತ್ತೇ ಆಣೆ ಇಟ್ಟಿದ್ದೆ. ಎರಡನೇದು ನಿಂಗೆ ಅಂತ ಮಾರ್ಚಿಂದಲೇ ಇಟ್ಕೊಂಡಿದ್ದೆ. ಆಮೇಲೆ ನೀನೇ ರೇಡಿಯೋದಲ್ಲಿ ಹೇಳಿದ್ಯಲ್ಲ, ಗಟ್ಟಿ ಮನಸ್ಸಿನೋರು ಒಂದೇ ಸೊನ್ನೆ ತುಂಬ್ತಾರೆ ಅಂತ. ಚರ್ಚಿನ ಬಾಗಿಲಲ್ಲಿ ಕಾಗದನೂ ಕೊಟ್ಯಲ್ಲ. ಒಡೆಟ್ ಓದಿದೋಳು, ಅವಳು ಹೇಳಿದ ಮೇಲೆ ಮುಗೀತು ಅಂತ ನಾನು ಒಂದೇ ತುಂಬ್ದೆ. ನಮ್ಮ ಚರ್ಚಿನ ಸಂಘದಲ್ಲಿ ವೆಂಡೆಲ್‌ನ ಕಡೆಯೋರಿಗೆಲ್ಲ ನಾನೇ ಹೇಳಿದೆ, ನಮ್ಮ ಒಡೆಟ್ ಮಾತು ಮೀರಬೇಡಿ ಅಂತ."

"ಎಷ್ಟು ಜನಕ್ಕೆ ಹೇಳಿದ್ರಿ?"

"ಲೆಕ್ಕ ಯಾರಿಟ್ಟಿದ್ದಾರೆ? ಕಣಿವೆಯಲ್ಲಿ ಎಲ್ಲರಿಗೂ."

ಗ್ಲೆಂಡಾ ಬಚ್ಚಲಿಂದ ಬಂದು ಕಂಪ್ಯೂಟರಿನಲ್ಲಿ ಊರುವಾರು ಪಟ್ಟಿ ತೆರೆದಳು. ನಮ್ಮ ಕಣಿವೆಯ ಊರುಗಳಲ್ಲೇ ವೆಂಡೆಲ್‌ಗೆ ಮೊದಲ ಮತ ಹಾಕಿ ಎರಡನೆಯದನ್ನು ಖಾಲಿ ಬಿಟ್ಟವರು ಮುನ್ನೂರ ಹನ್ನೊಂದು ಜನ. ಅವಳು ಅದನ್ನು ಗಟ್ಟಿಯಾಗಿ ಓದಲಿಲ್ಲ. ಬೆರಳು ಮಾತ್ರ ಆ ಸಾಲಿನ ಮೇಲಿಟ್ಟಳು. ಒಡೆಟ್ ನೋಡಿದಳು. ಬೈದವರು ಸೋಲಿಸಿದ್ದರೆ ತಡೆದುಕೊಳ್ಳಬಹುದಿತ್ತು. ಇವರು ಅವಳ ಮಾತಿಗೆ ಬೆಲೆ ಕೊಟ್ಟವರು. ಅವಳು ಮುಖ ಕಿವುಚಿ ಆಡಿದ ಮಾತನ್ನು ನಿಜವೆಂದು ನಂಬಿ, ಅವಳಿಗೇ ಎತ್ತಿಟ್ಟಿದ್ದ ಮತವನ್ನು ಖಾಲಿ ಬಿಟ್ಟು ಬಂದವರು. ಅವಳಿಗೆ ಮುದುಕಿಯ ಮೇಲೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು.

"ಕಡುಬು ತಿನ್ನು," ಎಂದಳು ಅಲ್ಫೋನ್ಸಿನ್ ಕಣ್ಣೊರೆಸಿಕೊಂಡು.

ಸೋತವರು ಗೆದ್ದವರಿಗೆ ಫೋನ್ ಮಾಡಬೇಕು, ಗೆದ್ದವರು ಅಲ್ಲಿಯವರೆಗೆ ಜನರೆದುರು ಹೋಗುವ ಹಾಗಿಲ್ಲ. ಅದೇ ಪದ್ಧತಿ. ಒಡೆಟ್ ಅರ್ಧ ಗಂಟೆ ಸುಮ್ಮನೆ ಕೂತಿದ್ದಳು. ಟೆಸ್ ಅಲ್ಲೆಲ್ಲೋ ತನ್ನ ಕರೆಗಾಗಿ ಕಾಯುತ್ತಿದ್ದಾಳೆ, ತಾನು ಕರೆಯದಷ್ಟು ಹೊತ್ತು ಅವಳು ನಗುವ ಹಾಗಿಲ್ಲ ಎಂಬುದೂ ಆ ಕೂರುವಿಕೆಯಲ್ಲಿ ಸ್ವಲ್ಪ ಇತ್ತು. ಆಮೇಲೆ ಮಾಡಿದಳು.

"ಅಭಿನಂದನೆ ಟೆಸ್. ಚೆನ್ನಾಗಿ ಹೋರಾಡಿದೆ. ನವೆಂಬರಿನಲ್ಲಿ ಗೆಲ್ಲು."

"ಥ್ಯಾಂಕ್ಸ್ ಮಿಸೆಸ್ ಸೀರ್." ಹಿಂದೆ ಬಹಳ ಜನರ ಗುಜುಗುಜು. ಅವಳು ಆಚೆಯ ಕೋಣೆಗೆ ಹೋದದ್ದು, ಬಾಗಿಲು ಮುಚ್ಚಿದ್ದು ಕೇಳಿಸಿತು. "ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಆವತ್ತು ಹಾಲ್‌ನಲ್ಲಿ ನೀವು ಹೇಳಿದ್ದು ಪ್ರಚಾರಕ್ಕೆ ಅಂತ ಗೊತ್ತು. ಆದ್ರೂ ಆವತ್ತಿಂದ ನಂಗೆ ಸರಿಯಾಗಿ ಊಟ ಸೇರ್ತಿಲ್ಲ. ಪರದೆ ಹಿಂದೆ, ಯಾರೂ ಇಲ್ದಾಗ... ಎರಡನೇದು ನಂಗೆ ಹಾಕಿದ್ರಾ?"

ಒಡೆಟ್ ಕಿಟಕಿಯಾಚೆ ನೋಡಿದಳು. ಗೆದ್ದಿದ್ದಾಳೆ, ವಾಷಿಂಗ್ಟನ್‌ಗೆ ಹೋಗುತ್ತಾಳೆ, ಇಡೀ ಕ್ಷೇತ್ರವೇ ಅವಳ ಬೂಟಿನ ಮೇಲೆ ಗದ್ದ ಊರಿದೆ. ಇಷ್ಟೂ ಸಾಲದೆ ಇದೂ ಬೇಕಂತೆ ಇವಳಿಗೆ! ಇಲ್ಲ ಎಂಬ ಮಾತು ಗಂಟಲವರೆಗೆ ಬಂತು. ಎದುರಿಗೆ, ತನ್ನ ಮಾತು ನಂಬಿದ ಅಲ್ಫೋನ್ಸಿನ್ ಕಡುಬಿನ ತುಂಡನ್ನು ತಟ್ಟೆಗೆ ಹಾಕುತ್ತಿದ್ದಳು.

"ಹಾಕಿದ್ದೆ," ಎಂದಳು ಒಡೆಟ್.

ಆ ಕಡೆ ಟೆಸ್ ಅತ್ತಳು, ಮೂಗು ಸೇದಿದಳು, ಬಾಗಿಲು ತೆರೆದಳು. "ಮಿಸೆಸ್ ಸೀರ್ ತಮ್ಮ ಎರಡನೇ ಮತ ನಂಗೆ ಹಾಕಿದ್ರಂತೆ ಕಣ್ರೋ!" ಎಂದು ಕೂಗಿದ್ದು ಅಡುಗೆಮನೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಅಲ್ಲಿ ಚಪ್ಪಾಳೆ, ಸಿಳ್ಳೆ, ಕಾಲು ಬಡಿತ. ಒಡೆಟ್ ಫೋನನ್ನು ಕಿವಿಯಿಂದ ದೂರ ಹಿಡಿದಳು. ಸದ್ದು ನಿಲ್ಲಲಿಲ್ಲ. ಅವಳೇ ಫೋನ್ ಇಟ್ಟಳು.

ರೋಲಂಡ್ ಅವಳನ್ನೇ ನೋಡುತ್ತಿದ್ದ. ಆ ದಿನ ಗಾಡಿಯಲ್ಲಿ ಅವಳು ಹೇಳಿದ್ದು ಅವನಿಗೆ ಗೊತ್ತಿತ್ತಲ್ಲ.

"ಈ ಸುಳ್ಳನ್ನ ಮೂರು ವಾರದ ಹಿಂದೆ ಗ್ರೇಂಜ್ ಹಾಲ್‌ನಲ್ಲಿ ಹೇಳಿದ್ದಿದ್ರೆ," ಎಂದ ಮೆಲ್ಲಗೆ, "ಈಗ ಫೋನ್ ಮಾಡ್ತಿದ್ದೋಳು ಅವಳು."

ಒಡೆಟ್ ಕಡುಬಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಗೊತ್ತು," ಎಂದಳು. "ಆದ್ರೆ ಆವತ್ತೂ ಚಪ್ಪಾಳೆ ಅವಳಿಗೇ ಬೀಳ್ತಿತ್ತು."